ಓಲೆಗರಿಯ ಡಿಜಿಟಲ್ ಚಿತ್ರ: ವರ್ಣ, ಕಾಂಟ್ರಾಸ್ಟ್ ಮತ್ತು ಪಾಠನಿರ್ಣಯ

ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿ ತೊಡಗಿರುವವರು ಓಲೆಗರಿಗಳನ್ನು ಅವುಗಳ ಡಿಜಿಟಲ್ ಛಾಯಾಚಿತ್ರಗಳ ಮೂಲಕ ಓದುವ ಸಂದರ್ಭಗಳು ಈಗ ಹೆಚ್ಚುತ್ತಿವೆ. ಮಸುಕಾದ ಅಕ್ಷರ ಎದುರಾದೊಡನೆ ಚಿತ್ರದ ವರ್ಣವನ್ನು ತಿದ್ದಿ, ಕಾಂಟ್ರಾಸ್ಟನ್ನು, ಎಂದರೆ ಬೆಳಕು ನೆರಳುಗಳ ಅಂತರವನ್ನು, ಹೆಚ್ಚಿಸಿ ನೋಡುವುದು ಸಹಜ. ಇದರಿಂದಾಗುವ ಉಪಕಾರವೆಷ್ಟು, ಅಪಾಯವೆಲ್ಲಿ ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಡಿಜಿಟಲ್ ಚಿತ್ರವು ಪಿಕ್ಸೆಲ್‌ಗಳೆಂಬ ಅತಿ ಸಣ್ಣ ಬಿಂದುಗಳ ಸಮೂಹ. ಸಾಮಾನ್ಯವಾದ ೮ ಬಿಟ್ ಚಿತ್ರದಲ್ಲಿ ಪ್ರತಿಯೊಂದು ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಬೆಲೆಗಳಿರುತ್ತವೆ. ಬೆಲೆ ೦ ಆದರೆ ಆ ಬಣ್ಣದ ಬೆಳಕು ಸ್ವಲ್ಪವೂ ಇಲ್ಲ. ೨೫೫ ಆದರೆ ಪೂರ್ಣವಾಗಿದೆ. ಯಾವ ಬೆಲೆಯ ಪಿಕ್ಸೆಲ್‌ಗಳು ಎಷ್ಟಿವೆಯೆಂಬುದನ್ನು ಹಿಸ್ಟೋಗ್ರಾಮ್ ಎಂಬ ನಕ್ಷೆ ತೋರಿಸುತ್ತದೆ. ಹಳೆಯ ಓಲೆಯೊಂದರ ಚಿತ್ರದಲ್ಲಿ ಬೆಲೆಗಳೆಲ್ಲವೂ ೬೦ರಿಂದ ೧೮೦ರೊಳಗೆ ಇವೆಯೆಂದು ಭಾವಿಸೋಣ. ಇವನ್ನು ೦ ಯಿಂದ ೨೫೫ರವರೆಗೆ ಹಿಗ್ಗಿಸಿದರೆ ಮಸಿ ಕಪ್ಪಾಗಿಯೂ ಓಲೆ ಬೆಳ್ಳಗಾಗಿಯೂ ಕಂಡು ಓದು ಸುಗಮವಾಗುತ್ತದೆ. ಆದರೆ ಮೊದಲಿದ್ದ ೧೨೧ ಬೆಲೆಗಳು ಹಿಗ್ಗಿಸಿದ ಮೇಲೂ ೧೨೧ ಬೆಲೆಗಳೇ. ಕಣ್ಣಿಗೆ ಅನುಕೂಲವಾಯಿತೇ ಹೊರತು ಓಲೆಯ ವಿಷಯದಲ್ಲಿ ಹೊಸ ಸಂಗತಿಯೇನೂ ದೊರೆಯಲಿಲ್ಲ.

ಎಲ್ಲೆಗಳನ್ನು ಇನ್ನೂ ಒಳಕ್ಕೆ ತಂದಾಗ ಅನರ್ಥ ಪ್ರಾರಂಭವಾಗುತ್ತದೆ. ೧೦೦ಕ್ಕಿಂತ ಕೆಳಗಿನದೆಲ್ಲ ಕಪ್ಪು, ೧೫೦ಕ್ಕಿಂತ ಮೇಲಿನದೆಲ್ಲ ಬಿಳುಪು ಎಂದು ಗೊತ್ತುಮಾಡಿದೆವೆನ್ನಿ. ಆಗ ೭೦ರ ಮಸಿಗೂ ೯೫ರ ಕಲೆಗೂ ಭೇದವುಳಿಯದು. ಅಕ್ಷರದ ಪಕ್ಕದಲ್ಲಿ ಬಿದ್ದ ದುಂಡು ಕಲೆಯೊಂದು ಸೊನ್ನೆಯಂತೆ ಕಾಣಬಹುದು. ಹಳಗನ್ನಡದಲ್ಲಿ ‘ನಾಡ’ ಎಂಬುದು ಷಷ್ಠಿ, ‘ನಾಡಂ’ ಎಂಬುದು ದ್ವಿತೀಯೆ. ಒಂದು ಕಲೆಯಿಂದ ವಾಕ್ಯದ ಅನ್ವಯವೇ ಬದಲಾದಂತಾಯಿತು. ಇನ್ನೊಂದು ತುದಿಯಲ್ಲಿ, ಮಸಿ ಸವೆದು ೧೫೫ಕ್ಕೆ ಬಂದಿರುವ ಸಣ್ಣ ಗೆರೆಯು ೧೭೫ರ ಓಲೆಯೊಡನೆ ಸೇರಿ ಮಾಯವಾಗುತ್ತದೆ. ಮಹಾಪ್ರಾಣದ ಸೀಳು ಹೀಗೆ ಅಳಿದುಹೋದರೆ ‘ಧನ’ವು ‘ದನ’ವಾಗುತ್ತದೆ. ಲಿಪಿಕಾರನ ಪ್ರಮಾದವೆಂದು ನಾವು ಎಣಿಸುವುದು ನಮ್ಮದೇ ಪ್ರಮಾದವಾಗಿರುವ ಸಂಭವವುಂಟು.

ಇದಕ್ಕಿಂತ ಉತ್ತಮವಾದ ಮಾರ್ಗವನ್ನು ವರ್ಣವೇ ತೋರಿಸಿಕೊಡುತ್ತದೆ. ಕಂದು ಬಣ್ಣದ ಓಲೆ ಕೆಂಪು ಬೆಳಕನ್ನು ಹೆಚ್ಚಾಗಿಯೂ ನೀಲಿಯನ್ನು ಕಡಿಮೆಯಾಗಿಯೂ ಪ್ರತಿಫಲಿಸುತ್ತದೆ. ಕಂಠದಿಂದ ಕೊರೆದ ಗೆರೆಗಳಲ್ಲಿ ತುಂಬಿದ ಕಾಡಿಗೆಯಾದರೋ ಎಲ್ಲ ಬಣ್ಣಗಳ ಬೆಳಕನ್ನೂ ಹೀರಿಕೊಳ್ಳುತ್ತದೆ. ಆದಕಾರಣ ಕೆಂಪು ಚಾನೆಲನ್ನು ಮಾತ್ರ ಪ್ರತ್ಯೇಕಿಸಿ ನೋಡಿದರೆ ಓಲೆ ತಿಳಿಯಾಗಿ, ಕಂದು ಕಲೆಗಳು ತೆಳುವಾಗಿ, ಅಕ್ಷರಗಳು ಸ್ಪಷ್ಟವಾಗುತ್ತವೆ. ಅವೇ ಕಲೆಗಳು ನೀಲಿ ಚಾನೆಲಿನಲ್ಲಿ ದಟ್ಟವಾಗಿ ಕಾಣುತ್ತವೆ. ಎರಡನ್ನೂ ಹೋಲಿಸಿದರೆ ಸಂದೇಹಾಸ್ಪದವಾದ ಸೊನ್ನೆ ಮಸಿಯೋ ಕಲೆಯೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಬಹುದು. ಈ ತತ್ತ್ವವನ್ನು ಕೆಂಪಿನಿಂದಾಚೆಗೂ ಒಯ್ಯಬಹುದು. ೨೦೦೬ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿಜ್ಞಾನಿಗಳು ಉಡುಪಿಯ ಪಲಿಮಾರು ಮಠದಲ್ಲಿರುವ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಗಳನ್ನು ಚಿತ್ರೀಕರಿಸಿದಾಗ, ಮಸಿಗೂ ಓಲೆಗೂ ನಡುವಣ ಅಂತರವನ್ನು ಹೆಚ್ಚಿಸಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ನೆರವನ್ನೇ ಪಡೆದರು.

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ಫಲಿಸುತ್ತವೆ. ಚಿತ್ರ ತೆಗೆಯುವಾಗಲೇ ಓಲೆಯ ಪಕ್ಕದಲ್ಲಿ ಬೂದು ಬಣ್ಣದ ಪ್ರಮಾಣಪಟ್ಟಿಯನ್ನಿಟ್ಟರೆ ದೀಪದಿಂದ ಬಂದ ಬಣ್ಣದ ದೋಷವನ್ನು ಅನಂತರ ಸರಿಪಡಿಸಬಹುದು. ಸಾಧ್ಯವಿದ್ದಲ್ಲಿ ೧೬ ಬಿಟ್ ಚಿತ್ರವನ್ನೇ ತೆಗೆಯಬೇಕು. ಅದರಲ್ಲಿ ಒಂದೊಂದು ಬಣ್ಣಕ್ಕೂ ೬೫,೫೩೬ ಮೆಟ್ಟಿಲುಗಳಿಗೆ ಅವಕಾಶವಿರುವುದರಿಂದ ಹಿಗ್ಗಿಸಿದಾಗ ಉಂಟಾಗುವ ಬಿರುಕುಗಳು ಕಡಿಮೆ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ಸೂಕ್ಷ್ಮ ವಿವರಗಳು ನಶಿಸುತ್ತವೆ. ಆದ್ದರಿಂದ ಮೂಲವನ್ನು ಟಿಫ್ ರೂಪದಲ್ಲಿ ಕಾಯ್ದಿರಿಸಿ ನಕಲಿನ ಮೇಲೆ ಮಾತ್ರ ಕೆಲಸಮಾಡಬೇಕು. ತಂತ್ರಾಂಶವೇ ತಾನಾಗಿ ಮಾಡುವ ತಿದ್ದುಪಡಿ ಒಂದೊಂದು ಗರಿಗೆ ಒಂದೊಂದು ಬಗೆಯಾಗಿರುತ್ತದೆ. ಒಂದೇ ಕಟ್ಟಿನ ಗರಿಗಳ ಮಸಿಯನ್ನು ಹೋಲಿಸಬೇಕಾದವರಿಗೆ ಅದು ನಿರುಪಯುಕ್ತ.

ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವುದು ಗ್ರಂಥಸಂಪಾದನೆಯ ಸಂಪ್ರದಾಯ. ತಿದ್ದಿದ ಚಿತ್ರದಿಂದ ಮಾತ್ರ ದೊರೆತ ಪಾಠವನ್ನು ಸ್ವೀಕರಿಸಿದಾಗ, ಏನನ್ನು ಎಷ್ಟು ತಿದ್ದಲಾಯಿತೆಂಬುದನ್ನೂ ಅಲ್ಲಿಯೇ ನಮೂದಿಸುವುದು ಯುಕ್ತ. ಮೂಲ ಓಲೆಯನ್ನು ನೋಡಲು ಸಾಧ್ಯವಿರುವೆಡೆ ಕೊನೆಯ ಪ್ರಮಾಣ ಅದೇ ಎಂಬುದನ್ನು ನಾವು ಮರೆಯಬಾರದು.