ಮೂವತ್ತಾರು ಗಂಟೆ ಡ್ಯೂಟಿ: ನಂಬಿಕೆ ಏನು, ಸತ್ಯ ಏನು

ತಮಿಳುನಾಡಿನ ಕಂಬಂ ಕಣಿವೆಯ ಹನುಮಂತನಪಟ್ಟಿಯಲ್ಲೋ ಉತ್ತಮಪಾಳ್ಯದಲ್ಲೋ ಯಾರಿಗೋ ಹಾವು ಕಚ್ಚಿತು, ಏಲಕ್ಕಿ ತೋಟಕ್ಕೆ ಕೂಲಿಯವರನ್ನು ಕರೆದೊಯ್ಯುವ ಜೀಪು ಮಗುಚಿತು ಎಂದುಕೊಳ್ಳಿ. ಹತ್ತಿರದ ಆಸ್ಪತ್ರೆಯ ಕೈಮೀರಿದರೆ 108 ವಾಹನ ಚಿನ್ನಮನೂರು, ತೇನಿ ದಾಟಿ ಕಾನಾವಿಲಕ್ಕಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಓಡುತ್ತದೆ. ತಮಿಳರಿರಲಿ, ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡ ಕುಟುಂಬದವರಿರಲಿ, ಹೋಗಿ ಸೇರುವುದು ಅಲ್ಲಿಗೇ. ಇಂಥ ಯಾವುದೇ ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಮೊದಲು ನಾಡಿ ಹಿಡಿಯುವವರು ಹೆಸರಾಂತ ತಜ್ಞರಲ್ಲ. ಹೌಸ್ ಸರ್ಜನ್, ಇಲ್ಲವೇ ಪಿ.ಜಿ. ಓದುತ್ತಿರುವ ಎಳೆಯ ಡಾಕ್ಟರು. ಅವರು ಸಿಡುಕಿದರೆ, ಮುಖ ನೋಡದೆ ಚೀಟಿ ಬರೆದುಕೊಟ್ಟರೆ, ಕೆಲಸವೇ ಬೇಡ ಎಂದರೆ, ಕಾಯುತ್ತ ಕೂತವರ ಬಳಿ ಕಾರಣಗಳು ಸಿದ್ಧವಾಗಿರುತ್ತವೆ. ಅವುಗಳಲ್ಲಿ ಬಹುಪಾಲು ತಪ್ಪು.

"ಈಗಿನ ಹುಡುಗರಿಗೆ ಗಟ್ಟಿತನ ಇಲ್ಲ" ಎಂಬುದು ಮೊದಲನೆಯದು. 2020ರಲ್ಲಿ ಅಮೆರಿಕದಲ್ಲಿ 5,000ಕ್ಕೂ ಹೆಚ್ಚು ವೈದ್ಯರನ್ನು ಬೇರೆ ಉದ್ಯೋಗದವರೊಂದಿಗೆ ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಕಷ್ಟ ತಾಳಿಕೊಳ್ಳುವ ಶಕ್ತಿ ವೈದ್ಯರಲ್ಲೇ ಹೆಚ್ಚಿತ್ತು. ಆದರೂ ಆ ಅಳತೆಯಲ್ಲಿ ಪೂರ್ಣ ಅಂಕ ಪಡೆದ ವೈದ್ಯರಲ್ಲಿ ಕೂಡ 29% ಮಂದಿ ಬರ್ನ್‌ಔಟ್‌ಗೆ ಸಿಕ್ಕಿದ್ದರು. ಎಷ್ಟೇ ಗಟ್ಟಿ ಮನಸ್ಸಿದ್ದರೂ ಹೊರೆ ಮಿತಿಮೀರಿದರೆ ಸಾಲದು.

ಬರ್ನ್‌ಔಟ್ ಎಂದರೆ ಎರಡು ದಿನ ನಿದ್ದೆ ಮಾಡಿದರೆ ಸರಿಹೋಗುವ ಸುಸ್ತು ಎಂದು ತಿಳಿಯುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್‌ಗೆ ಮೂರು ಮುಖಗಳನ್ನು ಹೇಳಿದೆ: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ಕೈಯಿಂದ ಏನೂ ಸರಿಯಾಗಿ ಆಗುತ್ತಿಲ್ಲ ಎನಿಸುವುದು. ಇದನ್ನು ರೋಗವೆಂದು ಕರೆದಿಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಎಂದಿದೆ. ರೋಗಿಯನ್ನು "ಮೂರನೇ ಬೆಡ್ಡು" ಎಂದಷ್ಟೇ ಕಾಣತೊಡಗಿದ ಡಾಕ್ಟರಲ್ಲಿ ಎರಡನೆಯ ಮುಖ ಕಾಣಿಸಿಕೊಂಡಿರಬಹುದು. ಜನ ಅದನ್ನು ಸೊಕ್ಕು ಎನ್ನುತ್ತಾರೆ.

ಎಲ್ಲಕ್ಕಿಂತ ಬಲವಾದ ನಂಬಿಕೆ ಇರುವುದು ಆಸ್ಪತ್ರೆಯ ಒಳಗೇ. "ನಾವೂ ಮೂವತ್ತಾರು ಗಂಟೆ ನಿಂತು ಕಲಿತವರು." ಹಿರಿಯರು ಇದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ತೋರಿಸಲಾಗಿದೆ. 24 ಗಂಟೆಗೆ ಅದು ಸುಮಾರು 0.10%. ನಮ್ಮ ದೇಶದಲ್ಲಿ 0.03% ದಾಟಿದವರು ವಾಹನ ಓಡಿಸುವುದೇ ಅಪರಾಧ. ಇನ್ನು 2004ರಲ್ಲಿ ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದ ಪ್ರಯೋಗದಲ್ಲಿ, 24 ಗಂಟೆ ಮೀರಿದ ಪಾಳಿಗಳಿದ್ದಾಗ ಹೊಸ ಡಾಕ್ಟರುಗಳ ಗಂಭೀರ ತಪ್ಪುಗಳು 36% ಹೆಚ್ಚಾಗಿದ್ದವು. ಪಾಳಿಯ ಅವಧಿಯನ್ನು ಸಡಿಲಬಿಟ್ಟರೂ ರೋಗಿಗಳ ಸಾವು ಹೆಚ್ಚಲಿಲ್ಲ ಎಂದ ದೊಡ್ಡ ಪ್ರಯೋಗಗಳೂ ಆಮೇಲೆ ಬಂದವು, ನಿಜ. ಅವುಗಳಲ್ಲಿಯೂ ವಾರಕ್ಕೆ ಸರಾಸರಿ 80 ಗಂಟೆಯ ಮಿತಿ ಹಾಗೆಯೇ ಇತ್ತು ಎಂಬುದನ್ನು ಮರೆಯಬಾರದು.

ಭಾರತದಲ್ಲಿ ಇದಕ್ಕೆ ನಿಯಮವೇ ಇಲ್ಲ ಎಂದು ಎಷ್ಟೋ ಪಿ.ಜಿ.ಗಳೇ ನಂಬಿದ್ದಾರೆ. ಇದೆ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ ಸಾಮಾನ್ಯವಾಗಿ ಒಂದೇಟಿಗೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದಿತು. ತುರ್ತು ಸಂದರ್ಭಕ್ಕೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯ ನಿಜವಾದ ಅರ್ಥ ತೇನಿ ಜಿಲ್ಲೆಯವರಿಗೆ ಗೊತ್ತು. 2018ರ ಮಾರ್ಚ್ 11ರಂದು ಕುರಂಗಣಿ ಬೆಟ್ಟದ ಕಾಡ್ಗಿಚ್ಚಿನಲ್ಲಿ ಚಾರಣಿಗರು ಸಿಕ್ಕಿಬಿದ್ದಾಗ ಸುಟ್ಟ ಗಾಯಾಳುಗಳನ್ನು ಬೋಡಿ, ತೇನಿ ಆಸ್ಪತ್ರೆಗಳಿಗೆ ತಂದು, ಅಲ್ಲಿಂದ ಮದುರೈಗೆ ಸಾಗಿಸಿದರು. ಅಂಥ ರಾತ್ರಿ ಯಾವ ಡಾಕ್ಟರೂ ಗಡಿಯಾರ ನೋಡುವುದಿಲ್ಲ, ನೋಡಲೂಬಾರದು. ಆದರೆ ಮಂಜೂರಾದ ಹುದ್ದೆ ತುಂಬದಿರುವುದು, ಒಬ್ಬರ ಮೇಲೆ ಇಬ್ಬರ ವಾರ್ಡು ಬೀಳುವುದು ಕಾಡ್ಗಿಚ್ಚಲ್ಲ. ದಿನನಿತ್ಯದ ಕೊರತೆಗೆ ತುರ್ತಿನ ಹೆಸರು ಕೊಟ್ಟು ವಿನಾಯಿತಿಯನ್ನೇ ನಿಯಮ ಮಾಡಿಕೊಂಡಿದ್ದೇವೆ. ಡಾಕ್ಟರನ್ನು ಒಳಗಿನಿಂದ ಸವೆಸುವುದು ಇದು.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು 2024ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್. ಸಮೀಕ್ಷೆಗೆ ಉತ್ತರಿಸಿದ 5,337 ಪಿ.ಜಿ.ಗಳಲ್ಲಿ ಸುಮಾರು 45% ಮಂದಿ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು; ಅರ್ಧಕ್ಕಿಂತ ಹೆಚ್ಚಿನವರಿಗೆ ವಾರದ ರಜೆಯೇ ಇರಲಿಲ್ಲ. ಕಾರ್ಯಪಡೆ ಸೂಚಿಸಿದ ಮಿತಿ 74 ಗಂಟೆ: ಒಂದು 24 ಗಂಟೆಯ ಡ್ಯೂಟಿ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. ಮೂವತ್ತೆರಡು ವರ್ಷ ಕಳೆದ ಮೇಲೆ ಸುಧಾರಣೆಯೆಂದು ಕೇಳುತ್ತಿರುವುದು ಹಳೆಯ ನಿಯಮಕ್ಕಿಂತ 26 ಗಂಟೆ ಹೆಚ್ಚು. ವಾಸ್ತವ ಎಷ್ಟು ಕೆಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಣದ ಮಾತೂ ಬರುತ್ತದೆ. ಕರ್ನಾಟಕದ ರೆಸಿಡೆಂಟ್ ಡಾಕ್ಟರುಗಳು 2024ರ ಆಗಸ್ಟ್‌ನಲ್ಲಿ ಸ್ಟೈಪೆಂಡ್‌ಗಾಗಿ ಮುಷ್ಕರ ಹೂಡಿದ್ದರು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಸ್ಟೈಪೆಂಡ್ ಏರಿದ ಮಾತ್ರಕ್ಕೆ ರಾತ್ರಿ ಪಾಳಿಗೆ ಇನ್ನೊಬ್ಬ ಡಾಕ್ಟರು ಬಂದು ನಿಲ್ಲುವುದಿಲ್ಲ.

ಹಾಗಾದರೆ ಒಂದು ಯೋಗ ಶಿಬಿರ? ಆಸ್ಪತ್ರೆಗಳಿಗೆ ಇದು ಸುಲಭದ ದಾರಿ. 2017ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಬ್ಬೊಬ್ಬ ವೈದ್ಯರಿಗೆ ಕೊಟ್ಟ ತರಬೇತಿಗಿಂತ ಪಾಳಿ, ಕೆಲಸದ ಹೊರೆ, ತಂಡದ ವ್ಯವಸ್ಥೆ ಬದಲಿಸಿದ್ದರಿಂದ ಹೆಚ್ಚು ಪ್ರಯೋಜನ ಕಂಡಿತ್ತು.

"ಹತ್ತರಲ್ಲಿ ಎಂಟು ಡಾಕ್ಟರಿಗೆ ಬರ್ನ್‌ಔಟ್" ಎಂಬಂಥ ತಲೆಬರಹವನ್ನೂ ಕಣ್ಮುಚ್ಚಿ ನಂಬಬೇಕಿಲ್ಲ. 2018ರ ಪರಿಶೀಲನೆಯೊಂದರಲ್ಲಿ ಬೇರೆ ಬೇರೆ ಅಧ್ಯಯನಗಳ ಅಂಕಿ ಸೊನ್ನೆಯಿಂದ 80.5%ವರೆಗೂ ಹರಡಿತ್ತು, ಏಕೆಂದರೆ ಅಳೆಯುವ ಕೋಲು ಒಬ್ಬೊಬ್ಬರದು ಒಂದೊಂದು.

ಇವೆಲ್ಲಕ್ಕಿಂತ ಅಪಾಯದ ನಂಬಿಕೆ, ಡಾಕ್ಟರಿಗೆ ತನ್ನ ಮನಸ್ಸು ತಾನೇ ನೋಡಿಕೊಳ್ಳಲು ಬರುತ್ತದೆ ಎಂಬುದು. ಬರ್ನ್‌ಔಟ್ ಬೇರೆ, ಖಿನ್ನತೆ ಬೇರೆ; ಎರಡೂ ಒಟ್ಟಿಗೇ ಇರಬಹುದು. ಖಿನ್ನತೆಗೆ ಚಿಕಿತ್ಸೆ ಬೇಕು. ಕಾರ್ಯಪಡೆಯ ಸಮೀಕ್ಷೆಯಲ್ಲಿ ಹತ್ತರಲ್ಲಿ ಮೂರು ಪಿ.ಜಿ.ಗಳು ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದಿದ್ದಾರೆ. ತಾವಾಗಿ ಉತ್ತರಿಸಿದವರ ಲೆಕ್ಕ ಅದು, ಆದರೂ ಕಡೆಗಣಿಸುವಂಥದ್ದಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಡ್ಯೂಟಿಯಲ್ಲಿರುವ ಡಾಕ್ಟರಿಗೂ ಆ ಸಂಖ್ಯೆ ಅಷ್ಟೇ ಸೇರಿದ್ದು.