ಗೌರವಕ್ಕೂ ದಾಖಲೆಗೂ ಇರುವ ನಂಟು: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಸಂಗೀತ, ಚಲನಚಿತ್ರ ಹಾಗೂ ಪ್ರಸಾರ ಪರಂಪರೆ

ಒಂದು ನಾಡು ತನ್ನ ಸಂಗೀತಗಾರರನ್ನು, ಚಲನಚಿತ್ರ ಕಲಾವಿದರನ್ನು, ಬಾನುಲಿ ಮತ್ತು ದೂರದರ್ಶನಗಳಿಗಾಗಿ ದುಡಿದವರನ್ನು ಗೌರವಿಸುವ ಬಗೆಗಳು ಹಲವು. ಪ್ರಶಸ್ತಿ, ಅಂಚೆಚೀಟಿ, ರಂಗಮಂದಿರಕ್ಕೆ ಇಡುವ ಹೆಸರು, ಸ್ಮರಣ ಸಂಪುಟ ಇವು ಅವುಗಳಲ್ಲಿ ಮುಖ್ಯವಾದವು. ಈ ಗೌರವಗಳು ಯಾರಿಗೆ ಸಲ್ಲುತ್ತವೆ ಎಂಬುದು ಪ್ರತಿಭೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಯಾರ ದನಿ ಧ್ವನಿಮುದ್ರಣಗೊಂಡು ಉಳಿಯಿತು, ಯಾರ ಹೆಸರು ಕಡತಕ್ಕೆ ಸೇರಿತು ಎಂಬುದೂ ಅಷ್ಟೇ ನಿರ್ಣಾಯಕವಾದುದು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಪ್ರದೇಶವನ್ನು ಮುಂದಿಟ್ಟುಕೊಂಡು ಈ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಿಂದೆ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಈ ಮೂರೂ ತಾಲ್ಲೂಕುಗಳು 2009–10ರಲ್ಲಿ ರೂಪುಗೊಂಡ ಯಾದಗಿರಿ ಜಿಲ್ಲೆಯ ಮೂಲ ತಾಲ್ಲೂಕುಗಳಾಗಿವೆ.

1. ಹಾಡಿನ ನೆಲ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಈ ಸೀಮೆಯ ಸಂಗೀತಕ್ಕೆ ದೀರ್ಘವಾದ ಹಿನ್ನೆಲೆಯಿದೆ. ವಚನಕಾರ ದೇವರ ದಾಸಿಮಯ್ಯನ ಮುದನೂರು, ಕೆಂಭಾವಿ ಭೋಗಣ್ಣನ ಕೆಂಭಾವಿ, ಕಾಲಜ್ಞಾನದ ವಚನಗಳಿಗೆ ಹೆಸರಾದ ಕೊಡೇಕಲ್ ಬಸವಣ್ಣನ ಕೊಡೇಕಲ್, ಕೃಷ್ಣಾತೀರದ ತಿಂಥಣಿ ಮೌನೇಶ್ವರನ ಕ್ಷೇತ್ರ ಇವೆಲ್ಲವೂ ಹಳೆಯ ಸುರಪುರ ತಾಲ್ಲೂಕಿನ ಊರುಗಳೇ. ನಾಯಕ ಅರಸರ ರಾಜಧಾನಿಯಾಗಿದ್ದ ಸುರಪುರದಲ್ಲಿ ಚಿತ್ರಕಲೆಯ ಒಂದು ವಿಶಿಷ್ಟ ಸಂಪ್ರದಾಯ ಬೆಳೆಯಿತು. ‘ಕಮಲೇಶವಿಠಲ’ ಅಂಕಿತದ ಕೀರ್ತನಕಾರ ಆನಂದದಾಸರೂ ಈ ಊರಿನವರೇ. ಪಕ್ಕದ ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳ ಮಡಿವಾಳಪ್ಪನ ತತ್ವಪದಗಳು ಇಡೀ ಸೀಮೆಯ ಭಜನಾಮಂಡಳಿಗಳ ಆಸ್ತಿಯಾದವು. ಇವುಗಳ ಜೊತೆಗೆ ಮೊಹರಮ್ಮಿನ ರಿವಾಯತ್ ಪದಗಳು, ಡೊಳ್ಳಿನ ಪದಗಳು, ಗೀಗೀ ಪದಗಳು, ಬಯಲಾಟದ ಹಾಡುಗಳು ಸೇರಿ ಇಲ್ಲಿಯ ನಾದಲೋಕ ರೂಪುಗೊಂಡಿತು.

ಈ ಪರಂಪರೆಯ ಮುಖ್ಯ ಲಕ್ಷಣವೆಂದರೆ ಅದರ ಸಾಮೂಹಿಕತೆ. ಏಕತಾರಿ, ದಮ್ಮಡಿ, ತಾಳಗಳೊಡನೆ ಅಹೋರಾತ್ರಿ ನಡೆಯುವ ಭಜನೆಯಲ್ಲಿ ಹಾಡುವವನಿಗಿಂತ ಹಾಡು ದೊಡ್ಡದು. ಪದದ ಕೊನೆಗೆ ಬರುವ ಅಂಕಿತ ರಚಿಸಿದವನನ್ನು ನೆನಪಿಸುತ್ತದೆಯೇ ಹೊರತು ಅದನ್ನು ತಲೆಮಾರುಗಳ ಕಾಲ ಕಾಪಾಡಿದ ಕಂಠವನ್ನಲ್ಲ. ಗೌರವ ಸಲ್ಲಿಸುವ ಆಧುನಿಕ ಸಂಸ್ಥೆಗಳಿಗಾದರೋ ಒಬ್ಬ ವ್ಯಕ್ತಿ, ಒಂದು ಹೆಸರು, ಒಂದು ಜನ್ಮದಿನಾಂಕ ಬೇಕು. ಈ ಎರಡರ ನಡುವಣ ಅಂತರವೇ ನಮ್ಮ ಸಮಸ್ಯೆಯ ಮೊದಲ ಮುಖ.

2. ಬಾನುಲಿಯ ಎರಡು ದಿಕ್ಕುಗಳು

1935ನೆಯ ಇಸವಿ ಕನ್ನಡ ಪ್ರಸಾರದ ಚರಿತ್ರೆಯಲ್ಲಿ ಗಮನಾರ್ಹವಾದುದು. ಆ ವರ್ಷ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಪ್ರಸಾರ ಸಂಸ್ಥೆಗೇ ಸಂದಿತು. ಅದೇ ವರ್ಷ ಹೈದರಾಬಾದಿನ ಬಾನುಲಿ ಕೇಂದ್ರವು ನಿಜಾಮ ಸರ್ಕಾರದ ವಶಕ್ಕೆ ಬಂದು ‘ಡೆಕ್ಕನ್ ರೇಡಿಯೋ’ ಎಂದು ಪ್ರಸಿದ್ಧವಾಯಿತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಉರ್ದುವಿಗೆ ಪ್ರಾಧಾನ್ಯವಿದ್ದ ಆ ಕೇಂದ್ರದಲ್ಲಿ ತೆಲುಗು, ಮರಾಠಿಗಳೊಡನೆ ಕನ್ನಡವೂ ಪಾಲು ಹಂಚಿಕೊಳ್ಳಬೇಕಾಗಿತ್ತು. 1950ರಲ್ಲಿ ಅದು ಅಖಿಲ ಭಾರತ ಬಾನುಲಿಯಲ್ಲಿ ಲೀನವಾಯಿತು.

ಅದೇ 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾಯಿತು. ಗುಲಬರ್ಗಾ ಕೇಂದ್ರ ಬಂದುದು 1966ರಲ್ಲಿ. ಈ 16 ವರ್ಷಗಳ ಅಂತರ ಕೇವಲ ಆಡಳಿತದ ವಿಳಂಬವಲ್ಲ. ಧ್ವನಿಪರೀಕ್ಷೆ, ಶ್ರೇಣಿ, ನಿಯತವಾದ ಕಾರ್ಯಕ್ರಮ, ಧ್ವನಿಮುದ್ರಣ ಎಂಬ ಮೆಟ್ಟಿಲುಗಳನ್ನು ಹತ್ತಿಯೇ ಆ ಕಾಲದ ಗಾಯಕರು ತಮ್ಮ ಊರಿನಾಚೆಗೆ ಪರಿಚಿತರಾಗುತ್ತಿದ್ದರು. ಧಾರವಾಡದ ಸುತ್ತಣ ಕಲಾವಿದರಿಗೆ ಬಾನುಲಿಗಿಂತ ಮೊದಲೇ ಮುಂಬಯಿಯ ಗ್ರಾಮಫೋನ್ ಕಂಪನಿಗಳ, ಮರಾಠಿ ರಂಗಭೂಮಿಯ ಸಂಪರ್ಕವಿತ್ತು. ಯಾದಗಿರಿಯು ಮುಂಬಯಿ–ಮದ್ರಾಸು ರೈಲುಮಾರ್ಗದ ಮೇಲಿದ್ದರೂ ಶಹಾಪುರ, ಸುರಪುರ ಪಟ್ಟಣಗಳಿಗೆ ಆ ಅನುಕೂಲವೂ ಇರಲಿಲ್ಲ.

ಇನ್ನೊಂದು ಅಂಶವನ್ನೂ ಇಲ್ಲಿ ಪರಿಗಣಿಸಬೇಕು. 1940ರಿಂದ 1971ರವರೆಗೆ ಬಾನುಲಿಯಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ನಿಷೇಧವಿತ್ತು. ಭಾರತೀಯ ಸಂಗೀತದ ಸೂಕ್ಷ್ಮ ಸ್ವರಗಳಿಗೆ, ಗಮಕಗಳಿಗೆ ಆ ವಾದ್ಯ ಒಗ್ಗದು ಎಂಬುದು ನಿಷೇಧದ ಹಿಂದಿದ್ದ ವಾದ. ಕಂಪನಿ ನಾಟಕಗಳ ಮೂಲಕ ಹಳ್ಳಿಗೆ ಬಂದ ‘ಪೇಟಿ’ಯು ಉತ್ತರ ಕರ್ನಾಟಕದ ಭಜನೆಗೂ ಸಣ್ಣಾಟಕ್ಕೂ ಆಧಾರವಾಗಿ ನಿಂತಿತ್ತು. ಹೀಗಾಗಿ ಗುಲಬರ್ಗಾ ಕೇಂದ್ರದ ಮೊದಲ ಐದು ವರ್ಷಗಳಲ್ಲಿ ಈ ಸೀಮೆಯ ಹಾಡು ತನ್ನ ಸಹಜವಾದ ಸಾಥಿಯನ್ನು ಹೊರಗೆ ಬಿಟ್ಟೇ ಸ್ಟುಡಿಯೋ ಪ್ರವೇಶಿಸಬೇಕಾಗಿತ್ತು. ರಾತ್ರಿಯಿಡೀ ಹರಡಿಕೊಳ್ಳುವ ಪ್ರಕಾರವು ಹದಿನೈದು ನಿಮಿಷ, ಅರ್ಧ ಗಂಟೆಗಳ ಅವಧಿಗೆ ಹೊಂದಿಕೊಳ್ಳಬೇಕಾದುದು ಮತ್ತೊಂದು ತೊಡಕು.

ಇದರ ಫಲವನ್ನು ಒಂದು ಅಂಚೆಚೀಟಿ ಮಾಲಿಕೆಯಲ್ಲಿ ಕಾಣಬಹುದು. 2014ರ ಸೆಪ್ಟೆಂಬರಿನಲ್ಲಿ ಅಂಚೆ ಇಲಾಖೆಯು ಭಾರತೀಯ ಸಂಗೀತಗಾರರ ಎಂಟು ಅಂಚೆಚೀಟಿಗಳನ್ನು ಹೊರತಂದಿತು. ಆ ಎಂಟು ಮಂದಿಯಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಕುಮಾರ ಗಂಧರ್ವ ಈ ನಾಲ್ವರು ಕನ್ನಡ ನೆಲದಲ್ಲಿ ಹುಟ್ಟಿದವರು. ಇದು ಕನ್ನಡಿಗರೆಲ್ಲರ ಹೆಮ್ಮೆ. ಆದರೆ ನಾಲ್ವರೂ ಹಳೆಯ ಧಾರವಾಡ, ಬೆಳಗಾವಿ ಜಿಲ್ಲೆಗಳವರು ಎಂಬುದನ್ನು ಮರೆಯಲಾಗದು. ಅವರ ಹಿರಿಮೆ ಪ್ರಶ್ನಾತೀತ. ಪ್ರಶ್ನೆಯಿರುವುದು ಕೃಷ್ಣೆಯ ಈಚೆಗಿನ ಕಂಠಗಳಿಗೆ ದೊರೆತ ಅವಕಾಶದ ಬಗ್ಗೆ. ರಾಯಚೂರು ಜಿಲ್ಲೆಯ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನೂ ದಾಸರ ಪದಗಳನ್ನೂ ಹಿಂದೂಸ್ತಾನಿ ಶೈಲಿಯಲ್ಲಿ ಹಾಡಿ ಹೆಸರಾದರು. ರಾಯಚೂರಿನ ರಂಗಮಂದಿರ ಅವರ ಹೆಸರನ್ನು ಹೊತ್ತಿದೆ. ಬಾನುಲಿಯು ಹಿಡಿದಿಟ್ಟ ಕಂಠಕ್ಕೆ ಈ ಭಾಗದಲ್ಲಿಯೂ ಗೌರವ ಸಂದಿತೆಂಬುದಕ್ಕೆ ಇದು ನಿದರ್ಶನ.

3. ದೂರದರ್ಶನ: ಮೊದಲು ಬಂದ ನಾಡು

ಬಾನುಲಿಯ ವಿಷಯದಲ್ಲಿ ಹಿಂದುಳಿದ ಈ ಪ್ರದೇಶವು ದೂರದರ್ಶನದ ವಿಷಯದಲ್ಲಿ ರಾಜಧಾನಿಗಿಂತ ಮುಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ವಿಕ್ರಂ ಸಾರಾಭಾಯಿಯವರ ಕನಸಾಗಿದ್ದ ಈ ಯೋಜನೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಬಳಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ತಂತಿಬಲೆಯ ಕೊಡೆಯಾಕಾರದ ಆಂಟೆನಾದ ನೆರವಿನಿಂದ ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮಗಳು ಬಿತ್ತರವಾಗುತ್ತಿದ್ದವು. ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಕಳುಹಿಸುವ ವ್ಯವಸ್ಥೆಯಿದ್ದುದರಿಂದ ತೆಲುಗು ಮತ್ತು ಕನ್ನಡದ ವೀಕ್ಷಕರು ಒಂದೇ ದೃಶ್ಯವನ್ನು ತಮ್ಮ ತಮ್ಮ ಭಾಷೆಯಲ್ಲಿ ಕೇಳಬಹುದಾಗಿತ್ತು. ಕನ್ನಡ ಕಾರ್ಯಕ್ರಮಗಳ ನಿರ್ಮಾಣ ಕೇಂದ್ರವಿದ್ದುದು ಹೈದರಾಬಾದಿನಲ್ಲಿ.

ಪ್ರಯೋಗ ಮುಗಿದ ಬಳಿಕ, 1977ರಲ್ಲಿ ಗುಲಬರ್ಗಾದಲ್ಲಿ ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಆರಂಭವಾಯಿತು. ಬೆಂಗಳೂರು ಕೇಂದ್ರ ಬಂದುದು 1981ರಲ್ಲಿ. ಸೈಟ್ ಯೋಜನೆಯನ್ನು ನೆನೆಯುವಾಗ ವಿಜ್ಞಾನಿಗಳ ಹೆಸರುಗಳು ಬರುತ್ತವೆ; ಬರಬೇಕಾದುದೂ ನ್ಯಾಯವೇ. ಆದರೆ ಹಳ್ಳಿಯಲ್ಲಿ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡು ದಿನವೂ ಅದನ್ನು ತೆರೆದವರು, ಕನ್ನಡದಲ್ಲಿ ನಿರೂಪಣೆ ನೀಡಿದವರು, ಹೈದರಾಬಾದಿಗೆ ಹೋಗಿ ಹಾಡಿದ ಮೇಳದವರು ಕೂಡ ಆ ಪರಂಪರೆಯ ನಿರ್ಮಾತೃಗಳೇ.

4. ಚಲನಚಿತ್ರದ ನೆರಳು

ಚಲನಚಿತ್ರದ ಕ್ಷೇತ್ರದಲ್ಲಿ ಈ ಭಾಗದ ಕೊಡುಗೆಯನ್ನು ತೆರೆಯ ಮೇಲಷ್ಟೇ ಹುಡುಕಬಾರದು. ಗುಲಬರ್ಗಾದಲ್ಲಿ 1916ರಲ್ಲಿ ಜನಿಸಿದ ಚಿತ್ರಕಲಾವಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಚಲನಚಿತ್ರಗಳ ಪ್ರಚಾರ ಚಿತ್ರಗಳನ್ನೂ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ರಚಿಸಿದರು. ಹಿಂದಿ ಚಲನಚಿತ್ರಗಳ ತಾರೆಯರನ್ನು ಪ್ರೇಕ್ಷಕರು ಚಿತ್ರಮಂದಿರದ ಹೊರಗೆ ಮೊದಲು ಕಂಡುದು ಇಂತಹ ಕುಂಚಗಳ ಮೂಲಕವೇ. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೂ ಜನರ ನೆನಪಿನಲ್ಲಿ ಅವರು ಪೌರಾಣಿಕ ಚಿತ್ರಗಳ ಕಲಾವಿದರಾಗಿ ಉಳಿದಿರುವಷ್ಟು ಚಲನಚಿತ್ರ ಚರಿತ್ರೆಯ ಭಾಗವಾಗಿ ಉಳಿದಿಲ್ಲ. ಪ್ರಚಾರ ಫಲಕವು ಪ್ರದರ್ಶನದ ಅವಧಿ ಮುಗಿದೊಡನೆ ಹರಿದುಹೋಗುವ ವಸ್ತುವಾದುದು ಇದಕ್ಕೆ ಒಂದು ಕಾರಣ.

ದಾಖಲೆ ನಾಶವಾದರೆ ಗೌರವವೂ ಟೊಳ್ಳಾಗುವುದಕ್ಕೆ ಕನ್ನಡದಲ್ಲಿ ದೊಡ್ಡ ಉದಾಹರಣೆಯೇ ಇದೆ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು 1964ರಲ್ಲಿ, ಅಂದರೆ 30 ವರ್ಷಗಳ ಅನಂತರ. ಪ್ರತಿ ವರ್ಷ ನಾವು ಆ ದಿನವನ್ನು ಸ್ಮರಿಸಬಹುದು, ಆರ್. ನಾಗೇಂದ್ರರಾಯರು, ಸುಬ್ಬಯ್ಯನಾಯ್ಡು ಅವರ ಅಭಿನಯವನ್ನು ಆ ಚಿತ್ರದಲ್ಲಿ ನೋಡಲಾರೆವು.

5. ಆಗಬೇಕಾದ ಕಾರ್ಯ

ಧ್ವನಿಸುರುಳಿಗಳಿಗೂ ಇದೇ ಅಪಾಯವಿದೆ. ಸುರುಳಿಗಳು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದು ಪ್ರಸಾರ ಕೇಂದ್ರಗಳ ವಾಡಿಕೆಯಾಗಿತ್ತು. ಉಳಿದವುಗಳ ಕಾಂತಲೇಪವೂ ಕಾಲಕ್ರಮದಲ್ಲಿ ಉದುರುತ್ತದೆ. ಅಲ್ಲದೆ, ಆಡಳಿತದ ಗಡಿಗಳು ಬದಲಾದಂತೆ ಈ ಸೀಮೆಯ ಸಾಮಗ್ರಿ ಹೈದರಾಬಾದು, ಕಲಬುರಗಿ, ಬೆಂಗಳೂರು, ದೆಹಲಿಗಳ ನಡುವೆ ಹಂಚಿಹೋಗುವುದು ಅನಿವಾರ್ಯವಾಯಿತು. ಈ ಹಿನ್ನೆಲೆಯಲ್ಲಿ ಮೂರು ಕಾರ್ಯಗಳು ತುರ್ತಿನವು.

ಮೊದಲನೆಯದು, ಹೆಸರುಗಳ ಸೂಚಿ. ಬಾನುಲಿ ಮತ್ತು ದೂರದರ್ಶನಗಳಲ್ಲಿ ಹಾಡಿದ ಮುಖ್ಯ ಗಾಯಕರೊಡನೆ ಹಿಮ್ಮೇಳದವರು, ವಾದ್ಯದವರು, ನಿರೂಪಕರು, ತಂತ್ರಜ್ಞರು ಇವರೆಲ್ಲರ ಊರು, ಗುರುಪರಂಪರೆ, ಕಾರ್ಯಕ್ರಮದ ದಿನಾಂಕಗಳನ್ನು ಕರಾರುಪತ್ರ ಹಾಗೂ ಪ್ರಸಾರದ ದಿನಚರಿಗಳಿಂದ ತೆಗೆದು ಕ್ರೋಡೀಕರಿಸಬೇಕು. ಎರಡನೆಯದು, ಪ್ರತಿಗಳ ಮರಳುವಿಕೆ. ಈ ನೆಲದ ಹಾಡಿನ ಧ್ವನಿಮುದ್ರಣ ಎಲ್ಲಿಯೇ ಇರಲಿ, ಅದರ ಡಿಜಿಟಲ್ ಪ್ರತಿಯೊಂದು ಯಾದಗಿರಿಯ ಗ್ರಂಥಾಲಯದಲ್ಲಿ ಆಸಕ್ತರಿಗೆ ಕೇಳಲು ದೊರೆಯಬೇಕು. ಮೂರನೆಯದು, ಮೌಖಿಕ ಚರಿತ್ರೆ. 1975ರಲ್ಲಿ ಇಪ್ಪತ್ತೈದು ವರ್ಷದವರಾಗಿದ್ದವರು ಈಗ ಎಪ್ಪತ್ತೈದನ್ನು ದಾಟಿದ್ದಾರೆ. ಮೊದಲೆರಡು ಕಾರ್ಯಗಳು ಕೆಲಕಾಲ ಕಾಯಬಹುದು, ಇದು ಕಾಯಲಾರದು.

ಪ್ರಶಸ್ತಿಯು ಕಲಾವಿದನ ಬದುಕಿಗೆ ಆಸರೆಯಾಗುತ್ತದೆ, ಅದರ ಮಹತ್ವ ಅಲ್ಲಗಳೆಯುವಂತಹುದಲ್ಲ. ಆದರೆ ಪ್ರಶಸ್ತಿಗೆ ಆಯ್ಕೆ ಮಾಡುವವರ ಮುಂದೆ ಹೆಸರುಗಳೇ ಬಾರದಿದ್ದರೆ ಆಯ್ಕೆ ಹಳೆಯ ಹಾದಿಯಲ್ಲಿಯೇ ಸಾಗುತ್ತದೆ. ಭಜನಾಮಂಡಳಿಯ ಪೇಟಿವಾದಕನೊಬ್ಬನ ಹೆಸರು, ಊರು, ಹಾಡಿನ ದಿನಾಂಕಗಳು ಗ್ರಂಥಾಲಯದ ಸೂಚಿಯಲ್ಲಿ ಸರಿಯಾಗಿ ದಾಖಲಾಗುವುದು ಆತನಿಗೆ ಸಲ್ಲುವ ಮೊದಲ ಗೌರವ. ಉಳಿದ ಗೌರವಗಳು ಅದನ್ನು ಆಧರಿಸಿಯೇ ಬರಬೇಕಾಗಿವೆ.