ಉಷ್ಣ ಪಂಪಿನ ಆವಿಕಾರಕದಲ್ಲಿ ಒತ್ತಡದ ಕುಸಿತ: ಕಾರಣನಿರ್ಣಯದ ಕ್ರಮ

ಉಷ್ಣವು ತಾನಾಗಿ ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುವುದಲ್ಲದೆ ಅದಕ್ಕೆ ವಿರುದ್ಧವಾಗಿ ಹರಿಯದು. ಈ ವಿರುದ್ಧ ಕಾರ್ಯವನ್ನು ಶಕ್ತಿಯ ವ್ಯಯದಿಂದ ಸಾಧಿಸುವ ಯಂತ್ರವೇ ಉಷ್ಣ ಪಂಪು. ಇದರ ತತ್ತ್ವವನ್ನು 1852ರಲ್ಲಿ ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ, ಮಂಡಿಸಿದನು. 1938ರಲ್ಲಿ ಜೂರಿಕ್ ನಗರದ ಪುರಭವನವನ್ನು ಲಿಮ್ಮಾಟ್ ನದಿಯ ನೀರಿನ ಉಷ್ಣದಿಂದ ಬೆಚ್ಚಗಿಡುವ ಪಂಪು ಕೆಲಸಕ್ಕೆ ತೊಡಗಿತು. ನದಿಯ ನೀರನ್ನು ಆಶ್ರಯಿಸಿದ ಇಂತಹ ಯಂತ್ರವೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಶೀತಕದ್ರವವು ಕುದಿದು ಆವಿಯಾಗುತ್ತ ನೀರಿನಿಂದ ಗುಪ್ತೋಷ್ಣವನ್ನು ಹೀರುವ ಭಾಗಕ್ಕೆ ಆವಿಕಾರಕವೆಂದು ಹೆಸರು. ದ್ರವವು ಕುದಿಯುವ ಉಷ್ಣತೆಯನ್ನು ಅಲ್ಲಿಯ ಒತ್ತಡವು ನಿರ್ಧರಿಸುತ್ತದೆ. ಆರ್-134ಎ ಎಂಬ ಶೀತಕವು 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯಬೇಕಾದರೆ ನಿರಪೇಕ್ಷ ಒತ್ತಡವು ಸುಮಾರು 2.93 ಬಾರ್ ಇರಬೇಕು, 2.0 ಬಾರಿಗೆ ಇಳಿದರೆ ಕುದಿಬಿಂದುವು -10 ಡಿಗ್ರಿಯಾಗುತ್ತದೆ. ಆಗ ನೀರು ಕೊಳವೆಗಳಲ್ಲಿ ಹೆಪ್ಪುಗಟ್ಟಿ ಅವು ಒಡೆಯುವ ಅಪಾಯವುಂಟು. ಮಾಪಕವು ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚಿನದನ್ನು ಮಾತ್ರ ತೋರಿಸುವುದರಿಂದ, ಅದರ ಅಂಕೆಗೆ ಸುಮಾರು 1 ಬಾರ್ ಕೂಡಿಸಿಯೇ ಕೋಷ್ಟಕವನ್ನು ನೋಡತಕ್ಕದ್ದು.

ಒತ್ತಡವು ಕುಸಿದೊಡನೆ ಶೀತಕವನ್ನು ತುಂಬಿಸಿಬಿಡುವ ರೂಢಿಯುಂಟು. ಇದು ಯುಕ್ತವಲ್ಲ, ಏಕೆಂದರೆ ಕುಸಿತಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚು. ಆವಿಕಾರಕದಿಂದ ಹೊರಡುವ ಕೊಳವೆಯ ಉಷ್ಣತೆಯನ್ನು ಅಳೆದು, ಅದರಿಂದ ಕುದಿಬಿಂದುವನ್ನು ಕಳೆದರೆ ಬರುವ ಅಂತರಕ್ಕೆ ಅಧಿತಾಪವೆನ್ನುತ್ತಾರೆ. ಇದು ಸಾಮಾನ್ಯವಾಗಿ 5ರಿಂದ 8 ಡಿಗ್ರಿಗಳಷ್ಟಿರುತ್ತದೆ. ನಮ್ಮ ಉದಾಹರಣೆಯಲ್ಲಿ ಕೊಳವೆಯು +5 ಡಿಗ್ರಿ ತೋರಿದರೆ ಅಧಿತಾಪವು 15 ಡಿಗ್ರಿಯಾಯಿತು. ಎಂದರೆ, ದ್ರವವು ಸಾಕಷ್ಟು ಬಾರದೆ ಬೇಗನೆ ಕುದಿದು ತೀರಿದೆ. ಕೊಳವೆಯು -7 ಡಿಗ್ರಿಯಲ್ಲಿದ್ದರೆ ಅಧಿತಾಪವು 3 ಡಿಗ್ರಿ ಮಾತ್ರ. ದ್ರವವಿದೆ, ಅದನ್ನು ಕುದಿಸುವ ಉಷ್ಣವಿಲ್ಲ. ಆಗ ನೀರಿನ ಹರಿವನ್ನೂ ಜಾಲರಿಯ ಕಸವನ್ನೂ ಕೊಳವೆಯೊಳಗಿನ ಪಾಚಿಯನ್ನೂ ಪರೀಕ್ಷಿಸಬೇಕು. ಗಾಳಿಯಿಂದ ಉಷ್ಣ ಪಡೆಯುವ ಯಂತ್ರದಲ್ಲಾದರೆ ಫ್ಯಾನನ್ನೂ ಸುರುಳಿಯ ಮೇಲಣ ಹಿಮವನ್ನೂ ನೋಡಬೇಕು. ವಿಸ್ತರಣ ಕವಾಟವು ತಾನಾಗಿ ಹರಿವನ್ನು ಹೊಂದಿಸಿಕೊಳ್ಳುವ ಬಗೆಯದಾದರೆ, ಉಷ್ಣದ ಕೊರತೆಯಲ್ಲಿಯೂ ಅಧಿತಾಪವು ಸಹಜವಾಗಿ ಕಾಣಬಹುದು.

ಅಧಿತಾಪವು ಹೆಚ್ಚಾಗಿದ್ದಾಗ ಇನ್ನೊಂದು ಅಳತೆ ಅವಶ್ಯ. ಕಂಡೆನ್ಸರಿನಿಂದ ಹೊರಬರುವ ದ್ರವವು ಅಲ್ಲಿಯ ಸಾಂದ್ರೀಕರಣದ ಉಷ್ಣತೆಗಿಂತ ಎಷ್ಟು ತಣ್ಣಗಿದೆಯೆಂದು ನೋಡಬೇಕು. ಈ ಅಂತರವು ತೀರ ಕಡಿಮೆಯಾಗಿದ್ದರೆ ಶೀತಕವೇ ಕಡಿಮೆಯಾಗಿದೆ. ಸಹಜವಾಗಿಯೋ ಹೆಚ್ಚಾಗಿಯೋ ಇದ್ದರೆ ದ್ರವವು ಹಿಂದೆಯೇ ತಡೆದು ನಿಂತಿದೆ. ಶೋಧಕದಲ್ಲಿ ಅಥವಾ ಕವಾಟದಲ್ಲಿ ಅಡಚಣೆಯಿದೆ. ಶೋಧಕದ ಎರಡು ತುದಿಗಳಲ್ಲಿ ಉಷ್ಣತೆ ಗಮನಾರ್ಹವಾಗಿ ಬೇರೆಯಾಗಿದ್ದರೆ ದೋಷವು ಅಲ್ಲಿಯೇ.

ಅಡಚಣೆಯಿರುವ ಯಂತ್ರಕ್ಕೆ ಶೀತಕವನ್ನು ಸೇರಿಸಿದರೆ ಕಂಡೆನ್ಸರಿನ ಒತ್ತಡ ಏರುತ್ತದೆ. ಮುಂದೆ ತಡೆ ನಿವಾರಣೆಯಾದಾಗ ಹೆಚ್ಚಿನ ದ್ರವವು ಕಂಪ್ರೆಸರನ್ನು ಹೊಕ್ಕು ಅದನ್ನು ಕೆಡಿಸಬಹುದು. ಸೋರಿಕೆಯನ್ನು ಮುಚ್ಚದೆ ತುಂಬಿಸಿದರೆ ಅನಿಲವು ಮತ್ತೆ ವಾಯುಮಂಡಲವನ್ನು ಸೇರುವುದು. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ಒಂದು ಕಿಲೋಗ್ರಾಂ ಆರ್-134ಎ ಭೂಮಿಯನ್ನು ಬೆಚ್ಚಗಾಗಿಸುವುದರಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಈ ವರ್ಗದ ಶೀತಕಗಳ ಬಳಕೆಯನ್ನು ಕ್ರಮೇಣ ತಗ್ಗಿಸಲು 2016ರ ಕಿಗಾಲಿ ತಿದ್ದುಪಡಿಯಲ್ಲಿ ರಾಷ್ಟ್ರಗಳು ಒಪ್ಪಿದುದು ಈ ಕಾರಣದಿಂದಲೇ.

ಆದುದರಿಂದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಎರಡು ಒತ್ತಡಗಳನ್ನೂ, ಎರಡು ಕೊಳವೆಗಳ ಉಷ್ಣತೆಗಳನ್ನೂ, ನೀರು ಒಳಬರುವಾಗ ಮತ್ತು ಹೊರಹೋಗುವಾಗ ಇರುವ ಉಷ್ಣತೆಗಳನ್ನೂ ಮೊದಲು ಬರೆದಿಟ್ಟುಕೊಂಡು, ಅನಂತರವೇ ಯಂತ್ರಕ್ಕೆ ಕೈಹಾಕುವುದು ಉಚಿತ.